ಮೂರು ಸೌಟು ಹುಗ್ಗಿ

ಗದಗಿನ ಜಠರ ಶೋಧ ಕೇಂದ್ರದಲ್ಲಿ ಊಟ ಪುಕ್ಕಟೆ. ಅದೂ ಅಂತಿಂಥ ಊಟವಲ್ಲ, ಗೋಧಿ ಹುಗ್ಗಿ, ಮೇಲೆ ತುಪ್ಪ. ಹೊಟ್ಟೆಗೆ ಅಂಗೈ ಅಗಲದ ಪಟ್ಟಿಯೊಂದನ್ನು ಕಟ್ಟಿಕೊಂಡು ಕುರ್ಚಿಯಲ್ಲಿ ಕೂತರೆ ಯಂತ್ರದ ಕೈಯೊಂದು ಬಂದು ತಟ್ಟೆಗೆ ಒಂದು ಸೌಟು ಬಡಿಸುತ್ತದೆ. ಅದು ಮುಗಿದರೆ ಇನ್ನೊಂದು. ಹೊಟ್ಟೆ ತುಂಬಿತು ಅನಿಸಿದಾಗ ಪಕ್ಕದ ಗುಂಡಿ ಒತ್ತಬೇಕು, ಅಷ್ಟೇ. ಸ್ವಲ್ಪ ಹೊತ್ತಿಗೆ ಪಟ್ಟಿಯ ಮೇಲೆ ಹಸಿರು, ಹಳದಿ, ಕೆಂಪು ಈ ಮೂರರಲ್ಲಿ ಒಂದು ದೀಪ ಹತ್ತುತ್ತದೆ. ಜಿಲ್ಲೆಯಲ್ಲಿ ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಬಂದು ಹೀಗೆ ಉಂಡು ಹೋಗಬೇಕೆಂದು ಆಜ್ಞೆಯಾಗಿ ಎರಡು ವರ್ಷವಾಗಿತ್ತು. ಊಟ ಹಾಕಿ ರೋಗ ಹುಡುಕುವ ಸರ್ಕಾರವನ್ನು ಜನ ಅದೇ ಮೊದಲು ಕಂಡಿದ್ದರು.

ಆ ಪಟ್ಟಿಯೊಳಗಿನ ಬುದ್ಧಿಯನ್ನು ಕಟ್ಟಿದವಳು ನೀಲಗಂಗಾ ಬಳಿಗೇರ. ವಯಸ್ಸು ಮೂವತ್ತಾರು, ಓದಿದ್ದು ವೈದ್ಯಕೀಯ ಯಂತ್ರಗಳ ಎಂಜಿನಿಯರಿಂಗ್. ಅವಳ ತಲೆ ಕೊರೆಯುತ್ತಿದ್ದುದು ಜಠರದ ಕ್ಯಾನ್ಸರುಗಳಲ್ಲಿ ಅಪರೂಪದ್ದೊಂದು. ಅದು ಗಡ್ಡೆ ಕಟ್ಟುವುದಿಲ್ಲ, ಎಷ್ಟೋ ಸಲ ಹುಣ್ಣನ್ನೂ ತೋರುವುದಿಲ್ಲ. ಅದರ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳದೆ ಒಂಟೊಂಟಿಯಾಗಿ ಜಠರದ ಗೋಡೆಯೊಳಗೆ ನುಸುಳಿ ಹರಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದೂ ಮುದ್ರೆಯುಂಗುರದಂತೆ ಕಾಣುತ್ತದೆ, ನಡುವೆ ಖಾಲಿ, ಅಂಚಿಗೆ ಒತ್ತಿದ ಕರಿ ಬೊಟ್ಟು. ಒಳಗಿನ ಪೊರೆ ನುಣ್ಣಗೇ ಇರುತ್ತದೆ. ಅದರ ಹಿಂದಿನ ಗೋಡೆ ಮಾತ್ರ ದಪ್ಪವಾಗುತ್ತ, ಬಿಗಿಯಾಗುತ್ತ ಬಂದು ಕೊನೆಗೆ ತೊಗಲಿನ ಚೀಲದ ಹಾಗೆ ಗಡುಸಾಗಿಬಿಡುತ್ತದೆ. ಹಾಗಾದವರಿಗೆ ಮೊದಮೊದಲು ತಿಳಿಯುವುದು ಇಷ್ಟೇ: ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಅದನ್ನು ಯಾರೂ ರೋಗ ಎನ್ನುವುದಿಲ್ಲ, ಅಜೀರ್ಣ ಎಂದು ಮಾತ್ರೆ ನುಂಗುತ್ತಾರೆ. ತೂಕ ಇಳಿದು ವಾಂತಿ ಶುರುವಾಗಿ ಎಂಡೋಸ್ಕೋಪಿಗೆ ಬರುವ ಹೊತ್ತಿಗೆ ಬಹಳ ಸಲ ಕಾಲ ಮಿಂಚಿರುತ್ತದೆ.

ಒಳ್ಳೆಯ ಜಠರ ಮೊದಲ ತುತ್ತು ಇಳಿಯುತ್ತಲೇ ತಾನಾಗಿ ಸಡಿಲವಾಗಿ ಮುಂದಿನ ತುತ್ತಿಗೆ ಜಾಗ ಮಾಡಿಕೊಡುತ್ತದೆ. ಆ ಸಡಿಲಿಕೆಯನ್ನು ಚರ್ಮದ ಹೊರಗಿನಿಂದಲೇ ಕೇಳಿಸಿಕೊಳ್ಳಲು ಬಂದರೆ? ನೀಲಗಂಗಾಳ ಪ್ರಶ್ನೆ ಇದಾಗಿತ್ತು. ಪಟ್ಟಿಯೊಳಗೆ ಕಿವಿಗೆ ಕೇಳಿಸದ ಶಬ್ದ ಹೊರಡಿಸುವ ಹರಳುಗಳನ್ನು ಕೂಡಿಸಿದಳು. ಅವು ಜಠರ ಎಷ್ಟು ಹಿಗ್ಗಿತು, ಅದರ ಗೋಡೆ ಎಷ್ಟು ಬಿಗಿ ಇದೆ ಎರಡನ್ನೂ ಅಳೆಯುತ್ತಿದ್ದವು. ಆದರೆ ಯಾವುದು ಸರಿ, ಯಾವುದು ತಪ್ಪು ಎಂದು ಯಂತ್ರಕ್ಕೆ ಕಲಿಸಬೇಕಲ್ಲ. ಅದಕ್ಕೆ ಆರೋಗ್ಯವಂತರಾದ ಸಾವಿರದ ನೂರಾ ನಲವತ್ತು ಜನರನ್ನು ಕರೆಸಿ ಹುಗ್ಗಿ ಬಡಿಸಿದರು. ಗುಂಡಿ ಒತ್ತಿದ ಗಳಿಗೆಯೇ ಹೊಟ್ಟೆ ತುಂಬಿದ ಗಳಿಗೆ ಎಂದು ಯಂತ್ರ ಬರೆದುಕೊಂಡಿತು.

ಫಲಿತಾಂಶ ಬಂದಾಗ ಎಲ್ಲರಿಗೂ ಅಚ್ಚರಿ. ಬೇರೆ ದೇಶಗಳ ಪುಸ್ತಕಗಳಲ್ಲಿ ಹೊಟ್ಟೆ ತುಂಬಲು ಒಂದು ಲೀಟರು ಬೇಕು ಎಂದಿದ್ದರೆ ನಮ್ಮವರು ಮೂರು ಸೌಟಿಗೇ, ಅಂದರೆ ಮುನ್ನೂರು ಮಿಲಿಗೇ, ಗುಂಡಿ ಒತ್ತಿದ್ದರು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇಮ್ತಿಯಾಜ್ ಮುಲ್ಲಾ ಮತ್ತು ನೀಲಗಂಗಾ ಕೂಡಿ ಇದರ ಮೇಲೆ ಲೇಖನವನ್ನೇ ಬರೆದರು. ಬಯಲುಸೀಮೆಯವರ ಜಠರ ಹುಟ್ಟಾ ಚಿಕ್ಕದು ಎಂಬುದು ಅದರ ಸಾರಾಂಶ. ದಿನಕ್ಕೆ ಹತ್ತು ರೊಟ್ಟಿ ಮುರಿಯುವ ಸೀಮೆಯ ಬಗ್ಗೆ ಈ ಮಾತನ್ನು ವಿದ್ವಾಂಸರೆಲ್ಲ ತಲೆದೂಗಿ ಒಪ್ಪಿಕೊಂಡರು, ಲೇಖನಕ್ಕೆ ಪದಕವೂ ಬಂತು.

ಕೇಂದ್ರದ ಎದುರಿಗೇ, ರಸ್ತೆಯ ಆಚೆ ಬದಿಗೆ, ನೀಲಗಂಗಾಳ ಅಕ್ಕ ಕಸ್ತೂರೆವ್ವನ ಖಾನಾವಳಿ ಇತ್ತು. ತಾಯಿಯಿಲ್ಲದ ತಂಗಿಯನ್ನು ಕಸ್ತೂರೆವ್ವ ರೊಟ್ಟಿ ಬಡಿದೇ ಸಾಕಿದ್ದಳು, ಓದಿಸಿದ್ದಳು. ತಾನು ಮದುವೆಯಾಗುವುದು ಈ ನಡುವೆ ಎಲ್ಲೋ ಮರೆತುಹೋಗಿತ್ತು. ನಲವತ್ತೇಳರ ಆ ಹೆಂಗಸಿನ ದನಿ ಒಲೆಯ ಮುಂದೆ ಕೂತರೆ ಬೀದಿಯ ತನಕ ಕೇಳುತ್ತಿತ್ತು. ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳು ತಂಗಿಯನ್ನು ಕರೆದು ಕೂಡಿಸಿಕೊಂಡು ಹೇಳಿದಳು.

"ನೀಲೀ, ಯಾಕೋ ಉಣ್ಣಾಕ ಕುಂತ್ರ ಸೇರವಲ್ದು. ನಾಕು ತುತ್ತಿಗೆ ಎದಿಮಟ ಬಂದಂಗ ಆಗ್ತೈತಿ."

"ದಿನಾ ಹೊಗಿ ಕುಡಿದು ಕುಡಿದು ಆ್ಯಸಿಡಿಟಿ ಆಗಿರ್ತೈತಿ, ಅಕ್ಕಾ."

"ಆ್ಯಸಿಡಿಟಿ ನನಗೇನು ಹೊಸಾದಲ್ಲ. ಇದು ಬ್ಯಾರೆ ಐತಿ."

ನೀಲಗಂಗಾ ಅಂದೇ ಅಕ್ಕನನ್ನು ಕರೆದೊಯ್ದು ತನ್ನ ಕೈಯಾರೆ ಪಟ್ಟಿ ಕಟ್ಟಿದಳು. ಕಸ್ತೂರೆವ್ವ ಎರಡೂವರೆ ಸೌಟು ಹುಗ್ಗಿ ಉಂಡು ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ತಂಗಿ ನಿರಾಳವಾಗಿ ನಕ್ಕು, ಯಂತ್ರ ಬರೆದ ವರದಿಯನ್ನು ಓದಿ ಹೇಳಿದಳು. ಅಕ್ಕನಿಗೆ ಓದು ಅಷ್ಟಕ್ಕಷ್ಟೇ. ತಂಗಿ ಕಟ್ಟಿದ ಯಂತ್ರ ಹೇಳಿದ ಮೇಲೆ ಇನ್ನೇನಿದೆ ಎಂದು ಅವಳು ಮಾತ್ರೆಯ ಡಬ್ಬಿ ಇಸಿದುಕೊಂಡು ಹೋದಳು.

ಮೂರು ತಿಂಗಳು ಹೀಗೇ ಸಾಗಿತು. ಕಸ್ತೂರೆವ್ವ ಉಣ್ಣುತ್ತಿದ್ದುದು ಗಿರಾಕಿಗಳೆಲ್ಲ ಎದ್ದು, ಒಲೆ ಆರಿದ ಮೇಲೆ, ಒಬ್ಬಳೇ. ಹಾಗಾಗಿ ಅವಳು ಎಷ್ಟು ಉಂಡಳು, ಎಷ್ಟು ಬಿಟ್ಟಳು ಎಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಂಕ್ರಾಂತಿಯ ಮರುವಾರ ಕೇಂದ್ರಕ್ಕೆ ರಜೆ. ನೀಲಗಂಗಾ ಮಧ್ಯಾಹ್ನ ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಬಂದಾಗ ಅಕ್ಕ ತಾಟಿನ ಮುಂದೆ ಕೂತಿದ್ದಳು. ಅರ್ಧ ರೊಟ್ಟಿಯಲ್ಲಿ ಅರ್ಧ ಉಳಿದಿತ್ತು. ಕೊರಳ ಎಲುಬು ಎದ್ದು ಕಾಣುತ್ತಿತ್ತು, ಕುಪ್ಪಸದ ತೋಳು ಜೋಲುತ್ತಿತ್ತು. ದಿನಾ ನೋಡುವವರ ಕಣ್ಣು ಎಷ್ಟು ಮಂಕಾಗಿರುತ್ತದೆ ಎಂಬುದು ತಂಗಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಆದರೂ ಕೆಟ್ಟದ್ದನ್ನು ಯೋಚಿಸಲು ಮನಸ್ಸು ಒಲ್ಲದೆ ಚೇಷ್ಟೆ ಮಾಡಿದಳು.

"ಏನಕ್ಕಾ, ನಮ್ಮ ಲೇಖನಾ ಖರೇ ಮಾಡಾಕ ನಿಂತೀಯೇನು? ನಮ್ಮ ಕಡೆ ಮಂದಿ ಹೊಟ್ಟೀನ ಸಣ್ಣದು ಅಂತ ಬರದೇವಿ."

"ಯಾರ ಹೊಟ್ಟಿ ಸಣ್ಣದು?" ಕಸ್ತೂರೆವ್ವನಿಗೆ ನಗು ಬಂತು. "ನಿಮ್ಮಲ್ಲಿ ಹುಗ್ಗಿ ಉಂಡ ಮಂದಿ ಆಮ್ಯಾಲೆ ಎಲ್ಲಿಗೆ ಬರ್ತಿದ್ರು ಅಂತ ಮಾಡಿ?"

"ಎಲ್ಲಿಗೆ?"

"ಇಲ್ಲಿಗೇ. ರಸ್ತೆ ದಾಟಿ ಸೀದಾ. ಎರಡೆರಡು ರೊಟ್ಟಿ, ಬದನಿಕಾಯಿ ಪಲ್ಲೆ, ಅನ್ನ, ಮಜ್ಜಿಗಿ. ನಾವು ಅದಕ್ಕ ಪಟ್ಟಿ ಪಂಕ್ತಿ ಅಂತ ಹೆಸರಿಟ್ಟಿದ್ವಿ. ಅವ್ರ ಸಲುವಾಗಿ ನಾ ದಿನಾ ಹಿಟ್ಟು ಹೆಚ್ಚಿಗಿ ನಾದ್ತಿದ್ದೆ."

"ಹುಗ್ಗಿ ಉಂಡಿರ್ತಿದ್ರಲ್ಲ ಅವ್ರು?"

"ಉಂಡಿರ್ತಿದ್ರು, ಮರ್ಯಾದಿಗೆ. ಗಾಜಿನ ಹಿಂದ ಇಬ್ಬರು ಬಿಳೀ ಕೋಟಿನವ್ರು ಕುಂತು ನೋಡಾಕತ್ರ, ಅದೂ ಪುಕ್ಕಟೆ ಊಟ, ಯಾವಾಂವ ಹೊಟ್ಟಿ ತುಂಬ ಉಣ್ತಾನ? ಮೂರು ಸೌಟಿಗೆ ಸಾಕಂತಾರ. ನನ್ನ ಮುಂದ ಸಾಕಂದ್ರ ನಾ ಬಿಡ್ತೇನೇನು. ಹಾಕ್ಕೋರಿ ಅಂತೇನಿ, ಒಲ್ಲೆ ಅಂತಾರ, ಹಾಕ್ತೇನಿ, ಉಣ್ತಾರ. ನಿಮ್ಮ ಯಂತ್ರದ ಕೈಗೆ ಒತ್ತಾಯ ಮಾಡಾಕ ಎಲ್ಲಿ ಬರ್ತೈತಿ? ಗುಂಡಿ ಒತ್ತಿದ ಕೂಡ್ಲೆ ಸೌಟು ತಗೊಂಡು ಹೋಗಿಬಿಡ್ತೈತಂತ. ಪಾಪ, ಅದಕ್ಕ ಯಾರು ಹೇಳಿಕೊಡಬೇಕು."

ನೀಲಗಂಗಾಳ ಮುಖದ ನಗು ಹಾಗೇ ನಿಂತಿತು. ಇದೇ ಖಾನಾವಳಿಯ ಹೊಗೆಯಲ್ಲಿ ಬೆಳೆದವಳು ಅವಳು. ಯಾರ ಮನೆಗೆ ಹೋದರೂ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲವೂ ಬೇಡ ಎನ್ನಬೇಕು ಎಂದು ಇದೇ ಅಕ್ಕ ಅವಳಿಗೆ ಕಲಿಸಿದ್ದಳು. ಗಾಜಿನ ಹಿಂದೆ ಕೂತ ಎರಡು ವರ್ಷದಲ್ಲಿ ಅದು ಅವಳಿಗೆ ನೆನಪಾಗಿರಲಿಲ್ಲ.

"ಅಕ್ಕಾ, ಅವತ್ತು ನೀ ಗುಂಡಿ ಒತ್ತಿದೆಲ್ಲ. ಮರ್ಯಾದಿಗೆ ಒತ್ತಿದ್ಯೇನು?"

"ಹುಚ್ಚಿ. ತಂಗಿ ಮಾಡಿದ ಯಂತ್ರದ ಮುಂದ ನನಗೆಂಥಾ ಮರ್ಯಾದಿ? ಖರೇನ ಸೇರಲಿಲ್ಲ. ಕಡೀ ಅರ್ಧ ಸೌಟು ನಿನ್ನ ಮಾರಿ ನೋಡಿ ನುಂಗಿದೆ."

ರಜೆಯ ದಿನವೇ ನೀಲಗಂಗಾ ಕೇಂದ್ರದ ಬೀಗ ತೆಗೆಸಿದಳು. ದೀಪದ ಬಣ್ಣವನ್ನು ಬದಿಗಿಟ್ಟು, ಅದರ ಹಿಂದಿನ ಕಚ್ಚಾ ಅಳತೆಗಳನ್ನು ಎರಡು ವರ್ಷದ ಮೇಲೆ ಮೊದಲ ಬಾರಿಗೆ ತೆರೆದಳು. ಸಾವಿರದ ನೂರಾ ನಲವತ್ತು ಜನರ ಗೋಡೆಯ ಬಿಗಿಯನ್ನು ತೋರುವ ಗೆರೆಗಳು ಮೂರು ಸೌಟಿನ ತನಕ ನೆಲದ ಮೇಲೆ ಹಾಸಿದಂತೆ ಸಪಾಟಾಗಿದ್ದವು. ಅವರ ಜಠರ ಇನ್ನೂ ಸಡಿಲವಾಗಿ, ಇನ್ನೂ ಬರಲಿ ಎಂದು ಕಾಯುತ್ತಿತ್ತು. ಅಷ್ಟರಲ್ಲೇ ಕೈ ಗುಂಡಿ ಒತ್ತಿಬಿಟ್ಟಿತ್ತು. ಬಿಗಿ ಇಲ್ಲದೆಯೇ ಹೊಟ್ಟೆ ತುಂಬುತ್ತದೆ ಎಂದು ಸಾವಿರ ಜನ ಹೇಳಿದ ಮೇಲೆ ಯಂತ್ರ ಏನು ಮಾಡೀತು? ಹೊಟ್ಟೆ ತುಂಬುವುದಕ್ಕೂ ಗೋಡೆಯ ಬಿಗಿಗೂ ಸಂಬಂಧವಿಲ್ಲ ಎಂದು ತೀರ್ಮಾನಿಸಿ, ಆ ಅಳತೆಯನ್ನೇ ಲೆಕ್ಕದಿಂದ ಕೈಬಿಟ್ಟಿತ್ತು. ಬಲ್ಲವರು ಮಾಡಿದ ತಪ್ಪನ್ನು ಅದು ಶ್ರದ್ಧೆಯಿಂದ ಕಲಿತಿತ್ತು.

ಕೊನೆಗೆ ಅಕ್ಕನ ಗೆರೆಯನ್ನು ತೆರೆದಳು. ಮೊದಲ ಸೌಟಿನಿಂದಲೇ ಅದು ಏರುತ್ತ ಹೋಗಿತ್ತು. ಎರಡನೆಯದಕ್ಕೆ ಇನ್ನೂ ಮೇಲೆ, ಎರಡೂವರೆಗೆ ಪರದೆಯ ಅಂಚಿಗೆ. ಸಡಿಲಿಕೆ ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮೂರು ತಿಂಗಳಿನಿಂದ ಈ ಗೆರೆ ಇಲ್ಲೇ, ಅವಳ ಮೇಜಿನ ಮೇಲಿನ ಯಂತ್ರದಲ್ಲೇ ಇತ್ತು. ನೀಲಗಂಗಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಡಾಕ್ಟರ್ ಮುಲ್ಲಾ ಮನೆಯಿಂದ ಬಂದವರು ಕೋಟು ಕೂಡ ಹಾಕಿಕೊಳ್ಳದೆ ಪರದೆಯ ಮುಂದೆ ನಿಂತರು. ಎಪ್ಪತ್ತರ ಹತ್ತಿರದ ಮನುಷ್ಯ, ಸಾವಿರಾರು ಹೊಟ್ಟೆಗಳ ಒಳಗನ್ನು ಕಂಡವರು. ಪಟ್ಟಿ ಪಂಕ್ತಿಯ ಕಥೆ ಕೇಳಿ ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ನಾನೂ ಮದುವಿ ಮನ್ಯಾಗ ಎರಡು ಸಲ ಒಲ್ಲೆ ಅಂದ ಮ್ಯಾಲೆನ ಬಿರ್ಯಾನಿ ಹಾಕಿಸ್ಕೊಳ್ಳಾಂವ," ಎಂದರು. "ನನಗರ ಹೊಳಿಬೇಕಾಗಿತ್ತಲ್ಲವಾ. ಆ ಪದಕ ತಿರುಗಿ ಕಳಸೋಣು. ಲೇಖನಾ ಹಿಂದಕ್ಕ ತಗೋಳೋಣು. ಅದು ಆಮ್ಯಾಲಿನ ಮಾತು. ನಾಳೆ ಮುಂಜಾನಿ ಅಕ್ಕಾರನ್ನ ಖಾಲಿ ಹೊಟ್ಟೀಲೆ ಕರಕೊಂಡು ಬರ್ರಿ."

"ಸರ್, ಮೂರು ತಿಂಗಳು ಹೋತು."

"ಹೋತು. ಇನ್ನ ಒಂದು ದಿನಾ ಹೋಗಬಾರದು."

ಅಕ್ಕನಿಗೆ ಹೇಳುವುದು ಹೇಗೆ? ನೀಲಗಂಗಾ ರಸ್ತೆ ದಾಟುವಾಗ ಹತ್ತು ಬಗೆಯಲ್ಲಿ ಮಾತು ಜೋಡಿಸಿಕೊಂಡಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವನ್ನೆಲ್ಲ ಬದಿಗಿಟ್ಟಳು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಂತ್ರಕ್ಕೆ ತಪ್ಪು ಕಲಿಸಿದ್ದು ತಾನು, ಹಸಿರು ದೀಪ ಸುಳ್ಳು, ಗೋಡೆ ಗಡುಸಾಗಿದೆ, ಅದು ಏನಿರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಕಸ್ತೂರೆವ್ವ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಸಾಣಿಗೆ ಕೆಳಗಿಟ್ಟಳು.

"ನಾ ಹೇಳಿದ್ದೆ," ಎಂದಳು. ದನಿ ಏರಿರಲಿಲ್ಲ. "ಬಾಯಿ ಬಿಟ್ಟು ಹೇಳಿದ್ದೆ, ಸೇರವಲ್ದು ಅಂತ. ಮೂವತ್ತು ವರ್ಷ ಮಂದಿಗೆ ಉಣ್ಣಾಕ ಹಾಕೇನಿ, ನೀಲಿ. ಹೊಟ್ಟಿ ತುಂಬಿದ್ದು ಯಾವುದು, ತುಂಬದ್ದು ಯಾವುದು ನನಗ ತಿಳಿಯೂದಿಲ್ಲೇನು? ನನ್ನ ಮಾತಿಗಿಂತ ನಿನಗ ಆ ದೀಪಾನ ದೊಡ್ಡದಾತು."

"ಹೂಂ ಅಕ್ಕಾ."

"ಹೂಂ ಅನ್ನಬ್ಯಾಡ. ಒಂದ್ ಮಾತು ಅನ್ನು, ಜಗಳಾಡು. ಹಿಂಗ ಸುಮ್ಮ ನಿಂತ್ರ ನಾ ಯಾರ ಮ್ಯಾಲೆ ಸಿಟ್ಟಾಗ್ಲಿ?"

ನೀಲಗಂಗಾ ಅಕ್ಕನ ಪಕ್ಕ ನೆಲದ ಮೇಲೆ ಕೂತು ಅವಳ ತೊಡೆಗೆ ತಲೆ ಆನಿಸಿದಳು. ಹಿಟ್ಟು ಹತ್ತಿದ ಕೈ ಅವಳ ತಲೆಯ ಮೇಲೆ ಬಂತು. ಆ ಕೈಯಲ್ಲಿ ಕ್ಷಮೆ ಪೂರ್ತಿ ಇರಲಿಲ್ಲ, ಸಿಟ್ಟೂ ಪೂರ್ತಿ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. ಕಸ್ತೂರೆವ್ವ ಹೆದರಿದ್ದನ್ನು ತಂಗಿ ಅದೇ ಮೊದಲು ಕಂಡದ್ದು.

ಮರುದಿನ ಎಂಡೋಸ್ಕೋಪಿಯಲ್ಲಿ ಒಳಗಿನ ಪೊರೆ ನುಣ್ಣಗೆ, ಕೆಂಪಗೆ, ಏನೂ ಆಗದಂತೆ ಕಂಡಿತು. ಆದರೆ ಕೊಳವೆಯಿಂದ ಗಾಳಿ ಬಿಟ್ಟಾಗ ಜಠರ ಹಿಗ್ಗಲಿಲ್ಲ. ಮುಲ್ಲಾ ಅವರು ಪೊರೆಯ ಚೂರುಗಳನ್ನು ಪರೀಕ್ಷೆಗೆ ಕಳಿಸಿದರು. ರೋಗವಿಲ್ಲ ಎಂದು ವರದಿ ಬಂತು. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಅವರು ಒಂದೇ ಜಾಗದಲ್ಲಿ ಚಿಮುಟದಿಂದ ಮತ್ತೆ ಮತ್ತೆ ಕಚ್ಚಿ ಆಳದಿಂದ ಚೂರು ತೆಗೆದರು. ಆ ಚೂರಿನಲ್ಲಿ ಮುದ್ರೆಯುಂಗುರಗಳಿದ್ದವು.

ಹೊಟ್ಟೆಯ ಹೊರಪೊರೆಗೆ ಹರಡಿದ್ದರೆ ಶಸ್ತ್ರಚಿಕಿತ್ಸೆಗೆ ಅರ್ಥವಿಲ್ಲ ಎಂದು ಮೊದಲೇ ತಿಳಿಸಿದ್ದರು. ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಒಳಗೆ ನೋಡಿದರು, ಒಳಗೆ ನೀರು ಹಾಯಿಸಿ ತೊಳೆದು ಆ ನೀರನ್ನೂ ಪರೀಕ್ಷೆಗೆ ಕಳಿಸಿದರು. ಆ ವರದಿಗೆ ಮೂರು ದಿನ ಕಾಯಬೇಕಾಯಿತು. ಆ ಮೂರು ದಿನ ನೀಲಗಂಗಾ ಯಂತ್ರಕ್ಕೆ ಹೊಸದಾಗಿ ಪಾಠ ಹೇಳಿದಳು. ಗುಂಡಿಯನ್ನು ಕಿತ್ತುಹಾಕಿಸಿದಳು. ಗೋಡೆಯ ಬಿಗಿಯನ್ನೇ ಮುಂದಿಟ್ಟು, ಎರಡು ವರ್ಷದಲ್ಲಿ ಹಸಿರು ದೀಪ ಕಂಡ ಅರವತ್ತೊಂದು ಸಾವಿರ ಜನರ ಅಳತೆಯನ್ನು ಮತ್ತೊಮ್ಮೆ ಓದಿಸಿದಳು. ಯಂತ್ರಕ್ಕೆ ಅದು ನಲವತ್ತು ನಿಮಿಷದ ಕೆಲಸ. ಹತ್ತೊಂಬತ್ತು ಹೆಸರುಗಳು ಕೆಂಪಾದವು.

ಆ ಹತ್ತೊಂಬತ್ತರಲ್ಲಿ ಒಂದು ಅಕ್ಕನದು. ಉಳಿದ ಹದಿನೆಂಟು ಮನೆಗಳಿಗೆ ನೀಲಗಂಗಾ ತಾನೇ ಫೋನು ಮಾಡಿದಳು. ನಿಮಗೆ ಏನೂ ಇಲ್ಲ ಎಂದು ನಾವು ಹೇಳಿದ್ದು ತಪ್ಪಾಯಿತು, ದಯಮಾಡಿ ಬನ್ನಿ ಎಂದಳು. ಬೈಸಿಕೊಂಡಳು. ಒಂದು ಮನೆಯಲ್ಲಿ, ಹೆಂಡತಿ ತೀರಿಹೋಗಿ ತಿಂಗಳಾಯಿತು ಎಂದು ಗಂಡ ಹೇಳಿ ಫೋನು ಇಟ್ಟ. ಆ ಮನೆಗೆ ಅವಳು ಬಸ್ಸು ಹಿಡಿದು ಹೋದಳು. ಅಂಗಳದಲ್ಲಿ ನಿಂತು ಕೈಮುಗಿದಳು. ಆತ ಒಳಗೆ ಕರೆಯಲಿಲ್ಲ. ಕರೆಯಬೇಕೆಂದು ಅವಳೂ ಬಯಸಿರಲಿಲ್ಲ.

ಮೂರನೆಯ ದಿನ ಅಕ್ಕನ ವರದಿ ಬಂತು. ತೊಳೆದ ನೀರು ಶುದ್ಧವಾಗಿತ್ತು, ರೋಗ ಹೊರಗೆ ಹರಡಿರಲಿಲ್ಲ.

ಮೊದಲು ನಾಲ್ಕು ಸುತ್ತು ಔಷಧಿ, ಆಮೇಲೆ ಶಸ್ತ್ರಚಿಕಿತ್ಸೆ. ಈ ರೋಗ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಗೆರೆ ಎಳೆಯಲು ಬರುವುದಿಲ್ಲ, ಅದಕ್ಕೇ ಜಠರವನ್ನು ಪೂರಾ ತೆಗೆದು ಅನ್ನನಾಳವನ್ನು ನೇರ ಕರುಳಿಗೆ ಕೂಡಿಸುತ್ತಾರೆ ಎಂದು ಮುಲ್ಲಾ ಅವರು ಕಸ್ತೂರೆವ್ವನಿಗೆ ಬಿಡಿಸಿ ಹೇಳಿದರು.

"ಹೊಟ್ಟೀನ ಇಲ್ದ ಮನಿಷಾ ಹೆಂಗ ಉಣ್ತಾನ್ರೀ, ಸಾಹೇಬ್ರ?"

"ಉಣ್ತಾನ, ಅಕ್ಕಾರ. ತುಸು ತುಸು, ಎರಡು ತಾಸಿಗೊಮ್ಮೆ. ಒಂದೊಂದು ತುತ್ತು ಬಾಯಾಗ ನೀರಾಗೂಮಟ ಅಗೀಬೇಕು. ಅವಸರ ಮಾಡಿದ್ರ ಎದಿ ಡವಡವ ಅಂತೈತಿ, ಬೆವರು ಬರ್ತೈತಿ. ತಿಂಗಳಿಗೊಂದು ಇಂಜೆಕ್ಷನ್, ಅದು ಜೀವ ಇರೂಮಟ."

"ಅಂದ್ರ ಜೀವ ಇರ್ತೈತಿ ಅನ್ರಿ," ಎಂದು ಕಸ್ತೂರೆವ್ವ ಎದ್ದಳು.

ಶಸ್ತ್ರಚಿಕಿತ್ಸೆ ಆರು ತಾಸು ನಡೆಯಿತು. ಕತ್ತರಿಸಿದ ಎರಡೂ ಅಂಚಿನಲ್ಲಿ ರೋಗವಿರಲಿಲ್ಲ. ಪಕ್ಕದ ಎರಡು ದುಗ್ಧಗ್ರಂಥಿಗಳಲ್ಲಿ ಮಾತ್ರ ಇತ್ತು, ಅದಕ್ಕೆ ಇನ್ನೂ ನಾಲ್ಕು ಸುತ್ತು ಔಷಧಿ. ಕೂದಲು ಉದುರಿತು, ಬಾಯಿ ಹುಣ್ಣಾಯಿತು, ದಿನಕ್ಕೆ ನಾಲ್ಕು ಚಮಚೆ ಗಂಜಿಯಲ್ಲಿ ಎರಡು ಹೊರಗೆ ಬಂತು. ಒಂದು ದಿನ ಅವಳು ತಟ್ಟೆಯನ್ನು ಗೋಡೆಗೆ ಎಸೆದಳು, ಇನ್ನೊಂದು ದಿನ ತಂಗಿಯನ್ನು ಮನೆಯಿಂದ ಹೊರಗೆ ಹಾಕಿದಳು. ನೀಲಗಂಗಾ ಕಟ್ಟೆಯ ಮೇಲೆ ಕೂತು, ಅರ್ಧ ತಾಸು ಬಿಟ್ಟು ಮತ್ತೆ ಒಳಗೆ ಹೋದಳು.

ಹದಿನೆಂಟು ಜನರಲ್ಲಿ ಇನ್ನೂ ನಾಲ್ವರಿಗೆ ಇದೇ ರೋಗ ಇತ್ತು, ನಾಲ್ವರಿಗೂ ಜಠರ ತೆಗೆಯಬೇಕಾಯಿತು. ಕಸ್ತೂರೆವ್ವ ಈ ಸುದ್ದಿ ಕೇಳಿದ್ದು ಎದ್ದು ಅಡ್ಡಾಡುವಂತಾದ ಮೇಲೆ.

"ಅವ್ರಿಗೆ ಉಣ್ಣೂದು ಯಾರು ಕಲಸಾಕತ್ತಾರ?" ಎಂದು ಕೇಳಿದಳು.

"ಆಸ್ಪತ್ರ್ಯಾಗ ಒಂದು ಹಾಳಿ ಕೊಟ್ಟಾರ, ಅಕ್ಕಾ. ಏನ್ ತಿನ್ನಬೇಕು, ಎಷ್ಟು ತಿನ್ನಬೇಕು ಅಂತ."

"ಹಾಳಿ ನೋಡಿ ಉಣ್ಣಾಕ ಆಗ್ತೈತೇನು? ಸೋಮವಾರ ಇಲ್ಲಿಗೆ ಬರಾಕ ಹೇಳು. ಹನ್ನೊಂದಕ್ಕ."

ಸೋಮವಾರ ಹನ್ನೊಂದಕ್ಕೆ ನಾಲ್ವರೂ ಬಂದರು. ನಡುವಯಸ್ಸಿನ ಇಬ್ಬರು ಹೆಂಗಸರು, ಒಬ್ಬ ಹೈಸ್ಕೂಲ್ ಮಾಸ್ತರ, ಬಸ್ ಕಂಡಕ್ಟರ್ ಫಕ್ಕೀರಪ್ಪ ಕಣಗಿನಹಾಳ. ಈ ಫಕ್ಕೀರಪ್ಪ ಹಿಂದೆ ಇದೇ ಖಾನಾವಳಿಯಲ್ಲಿ ಒಂದೇ ಸಲಕ್ಕೆ ಆರು ರೊಟ್ಟಿ ಮುಗಿಸುತ್ತಿದ್ದವನು. ಈಗ ಅಂಗಿಯೊಳಗೆ ಆಳೇ ಇಲ್ಲದಂತೆ ಆಗಿದ್ದ, ಬಾಗಿಲಲ್ಲೇ ನಿಂತುಬಿಟ್ಟ.

"ಇಲ್ಲಿ ಕುಂತು ಕಾಲು ರೊಟ್ಟಿ ತಿನ್ನಾಕ ನಾಚಿಕಿ ಬರ್ತೈತ್ರಿ, ಅಕ್ಕಾರ."

"ನಾಚಿಕಿ ಯಾಕ? ಬಾ, ಕುಂದ್ರು. ಇಲ್ಲಿ ಕುಂತವ್ರಿಗೆ ಯಾರಿಗೂ ಹೊಟ್ಟಿ ಇಲ್ಲ."

ಮಾಸ್ತರನಿಗೆ ನಗು ತಡೆಯಲಾಗಲಿಲ್ಲ. ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡರು. ಫಕ್ಕೀರಪ್ಪ ಬಂದು ಸಾಲಿನ ತುದಿಗೆ ಕೂತ. ಕಸ್ತೂರೆವ್ವ ಬಿಸಿ ರೊಟ್ಟಿಯನ್ನು ಕಾಲು ಕಾಲು ಮುರಿದು, ಹೆಸರುಬೇಳೆಯ ತೊವ್ವೆಯಲ್ಲಿ ಕೈಯಾರೆ ಮೆತ್ತಗೆ ಕಲೆಸಿ, ಚಹದ ಬಸಿಗಳಲ್ಲಿ ಬಡಿಸಿದಳು. ಒತ್ತಾಯದ ಮಾತು ಅವಳ ಬಾಯಿಂದ ಒಂದೂ ಬರಲಿಲ್ಲ. ಆಮೇಲೆ ಐದನೆಯ ಬಸಿ ಹಿಡಿದುಕೊಂಡು ಫಕ್ಕೀರಪ್ಪನ ಪಕ್ಕ ತಾನೂ ಕೂತಳು. ಗಿರಾಕಿಗಳು ಉಣ್ಣುವ ಸಾಲಿನಲ್ಲಿ ಅವಳು ಕೂತದ್ದನ್ನು ನೀಲಗಂಗಾ ಎಂದೂ ಕಂಡಿರಲಿಲ್ಲ.

"ಒಂದೊಂದು ತುತ್ತು ನಲವತ್ತು ಸಲ," ಎಂದಳು ಕಸ್ತೂರೆವ್ವ. "ಮನಸಿನ್ಯಾಗ ಎಣಸ್ರಿ. ಮಾತಾಡಬ್ಯಾಡ್ರಿ."

ಐವರೂ ಅಗಿಯತೊಡಗಿದರು. ಅಷ್ಟರಲ್ಲಿ ಮಧ್ಯಾಹ್ನದ ಗಿರಾಕಿಗಳು ಒಬ್ಬೊಬ್ಬರಾಗಿ ಕೈತೊಳೆದು ಬಾಗಿಲಿಗೆ ಬಂದರು. ಮಾರುಕಟ್ಟೆಯ ಹಮಾಲರು, ಕೋರ್ಟಿನ ಗುಮಾಸ್ತರು, ಹಸಿದು ಬಂದವರು. ನೀಲಗಂಗಾ ಅವರಿಗೆ ಜಾಗ ಮಾಡಿಕೊಡಲು ಅಕ್ಕನ ಕಡೆ ನೋಡಿದಳು. ಕಸ್ತೂರೆವ್ವ ಏಳಲಿಲ್ಲ. ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ, ಬಾಗಿಲ ಕಡೆ ಒಮ್ಮೆ ನೋಡಿದಳು.

"ನಂದಿನ್ನ ಆರು ತುತ್ತು ಐತಿ," ಎಂದಳು. "ನಿಂದರ್ರಿ."

ಹನ್ನೆರಡು ಹದಿಮೂರು ಜನ ಒದ್ದೆ ಕೈ ಹಿಡಿದುಕೊಂಡು ನಿಂತರು. ಕಸ್ತೂರೆವ್ವ ಮುಂದಿನ ತುತ್ತು ಬಾಯಿಗಿಟ್ಟು, ಅವಸರ ಮಾಡದೆ ಅಗಿದಳು.